ಓಮಾ ನೊಂಚೆಯ ಅರ್ಧ ದಿನ

ಬೆಳಗಿನ ಐದು ಗಂಟೆ. ತೊಂದಾನೊ ಸರೋವರದ ಮೇಲಿನ ದಿಣ್ಣೆಯಲ್ಲಿ ಡೋಲು ಶುರುವಾಗುತ್ತದೆ. ಎಪ್ಪತ್ತೊಂದರ ನೊಂಚೆ ಕೌನಾಂಗ್ ಕುಂಬಳಕಾಯಿ ಹಾಕಿದ ಗಂಜಿ ತಿರುವುತ್ತಾಳೆ, ಕಿವಿಯೆಲ್ಲ ಬೀದಿಯ ಕಡೆಗೇ. ಊರಿಗೆಲ್ಲ ಆಕೆ ಓಮಾ, ಅಂದರೆ ಅಜ್ಜಿ. ಬಿತ್ತನೆಯ ದಿನಗಳಲ್ಲಿ ಏಳು ತಾಯಂದಿರು ತಮ್ಮ ಏಳು ಕೂಸುಗಳನ್ನು ಅವಳ ಜಗಲಿಯಲ್ಲಿ ಇಳಿಸಿ, ಗುದ್ದಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ.

ಇಲ್ಲಿ ಕೂಲಿ ಎಂಬುದಿಲ್ಲ, ಮುಯ್ಯಾಳು. ಮಾಪಾಲುಸ್ ಎನ್ನುತ್ತಾರೆ. ನಾನು ನಿಮ್ಮ ಹೊಲದಲ್ಲಿ ಒಂದು ದಿನ ಅಗೆದರೆ ನೀವು ನನ್ನ ಹೊಲದಲ್ಲಿ ಒಂದು ದಿನ. ಯಾರ ಸರದಿಯೋ ಅವರ ಬಾಗಿಲಲ್ಲಿ ಡೋಲು ನಿಲ್ಲುತ್ತದೆ. ದುಡಿಮೆ ಕೊಡದ ಮನೆಯನ್ನು ಅದು ದಾಟಿ ಹೋಗುತ್ತದೆ, ಅಷ್ಟೇ.

ಈ ಸಲ ನೊಂಚೆಯ ಮಂಡಿ ಕೈಕೊಟ್ಟಿದೆ. ಜೊತೆಗಿರುವ ಮಗಳು ಯುಲ್ಸೆ ತುಂಬು ಬಸುರಿ. ಜೋಳದ ಹೊಲ ಬೀಳು ಬಿದ್ದರೆ ವರ್ಷದ ಊಟಕ್ಕೇ ಕಲ್ಲು. "ಮಕ್ಕಳನ್ನ ನಾನು ನೋಡ್ಕೋತೀನಿ, ಅದನ್ನೇ ನನ್ನ ದಿನ ಅಂತ ಹಿಡೀರಿ" ಎಂದು ಓಮಾ ಕೇಳಿದ್ದಳು. ತಂಡದ ಮುಖಂಡ ವೆಂಪಿ ತಲೆ ಕೆರೆದುಕೊಂಡು, ಅರ್ಧ ದಿನ ಅಂದ. ಕೂತು ಮಾಡುವ ಕೆಲಸವಂತೆ! ಅರ್ಧ ಎಂದರೆ ಅವಳ ಸರದಿ ಬರುವಷ್ಟರಲ್ಲಿ ಬಿತ್ತನೆಯ ಹದ ದಾಟಿರುತ್ತದೆ.

ಓಮಾ ಜಗಳಕ್ಕೆ ನಿಲ್ಲಲಿಲ್ಲ. ಮರುದಿನ ಗುದ್ದಲಿ ಹಿಡಿದು ಕುಂಟುತ್ತ ತಾನೇ ತಂಡದ ಜೊತೆ ಹೊಲಕ್ಕೆ ಹೋದಳು. ನೋಡಿಕೊಳ್ಳುವವರಿಲ್ಲದೆ ಕೂಸುಗಳೂ ತಾಯಂದಿರ ಜೊತೆ ಬಂದವು. ಒಂದು ಮಣ್ಣು ತಿಂದಿತು, ಒಂದು ಬೀಜದ ಜೋಳ ಚೆಲ್ಲಿತು, ಕಾಣೆಯಾದ ಇನ್ನೊಂದನ್ನು ಹುಡುಕಲು ಐದು ಜನ ಓಡಿದರು. ಮಧ್ಯಾಹ್ನವಾದರೂ ಕಾಲುಭಾಗ ಹೊಲ ಮುಗಿದಿರಲಿಲ್ಲ. ಆಗ ಅವಳು ವೆಂಪಿಯನ್ನು ಕೇಳಿದ ಮಾತನ್ನು ಊರು ಇನ್ನೂ ನಗುತ್ತ ಹೇಳುತ್ತದೆ.

"ನಿಮ್ಮವ್ವ ಹೊಲಕ್ಕೆ ಹೋದಾಗ ನಿನ್ನ ಕುಂಡಿ ತೊಳೆದೋಳು ನಾನು ಕಣಪ್ಪಾ. ಅದೂ ಅರ್ಧ ದಿನವೇನೋ?"

ಮಾರನೆಯ ದಿನದಿಂದ ಕೂಸುಗಳು ಮತ್ತೆ ಜಗಲಿಗೆ ಬಂದವು. ಆದರೆ ಅರ್ಧವೋ ಪೂರ್ತಿಯೋ, ಯಾರೂ ಬಾಯಿ ಬಿಡಲಿಲ್ಲ. ಪೂರ್ತಿ ದಿನವೇ ಆದರೆ ಇವತ್ತು ಅವಳ ಸರದಿ.

ಡೋಲು ಪಕ್ಕದ ಮನೆ ದಾಟುತ್ತದೆ. ಓಮಾ ಸೌಟು ಹಿಡಿದೇ ನಿಂತಿದ್ದಾಳೆ. ಡೋಲು ಅವಳ ಬಾಗಿಲಿಗೆ ಬಂದು ನಿಲ್ಲುತ್ತದೆ.

"ಓಮಾ, ಬೀಜ ಎಲ್ಲಿಟ್ಟಿದೀರಿ?" ಎನ್ನುತ್ತಾನೆ ವೆಂಪಿ, ಅವಳ ಮುಖ ನೋಡದೆ.

ಬೀಜದ ಬುಟ್ಟಿ ತೋರಿಸಿ ಆಕೆ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಳ್ಳುತ್ತಾಳೆ. ಇನ್ನೇನು ಆಸೆಯಿದೆ ಎಂದು ತಂಡದ ಹೆಂಗಸೊಬ್ಬಳು ಕೇಳಿದರೆ, ಬಾಗಿಲಲ್ಲಿ ನಿಂತ ಬಸುರಿ ಮಗಳತ್ತ ನೋಡುತ್ತಾಳೆ.

"ಮಂಡಿ ಹೋದ್ರೆ ಹೋಗ್ಲಿ. ಎಂಟನೇದಕ್ಕೂ ಮಡಿಲಲ್ಲಿ ಜಾಗ ಐತೆ."