ನಾನು ಮುಯ್ಯಿಗೆ ಹೋದದ್ದು

ಸರ್ಕಾರ ಕನಿಷ್ಠ ಕೂಲಿ ಏರಿಸಿತೆಂದು ನಮ್ಮ ಮರಳಿ ಊರ ಕಡೆಯ ಹೆಣ್ಣಾಳುಗಳೂ ಅಷ್ಟೇ ಕೂಲಿ ಕೇಳತೊಡಗಿದರು. ಕಾಲುವೆಗೆ ನೀರು ಬಂದಿತ್ತು, ನನ್ನ ಭತ್ತದ ಸಸಿ ಬಲಿತು ಕೆಡುವುದರಲ್ಲಿತ್ತು. ಆದರೂ ನಾನು ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ನಿಧಾನವಾಗಿ ವಿಚಾರ ಮಾಡಿ, ಗುಂಪಿನ ಮುಂದಾಳು ಹನುಮವ್ವನಿಗೆ ಉಪದೇಶ ಮಾಡಿದೆ.

"ಕೂಲಿ ಏರಿದ್ರ ಅಕ್ಕಿ ರೇಟೂ ಏರ್ತೈತಿ, ತಿನ್ನೋರು ನೀವಽ. ರೊಕ್ಕ ಬ್ಯಾಡ, ಹಿರ್ಯಾರ ಕಾಲದ ಮುಯ್ಯಿ ಮಾಡೂಣು. ಆಳಿಗೆ ಆಳು. ನೀವು ನಮ್ಮ ಗದ್ದಿಗೆ, ನಾವು ನಿಮ್ಮ ಗದ್ದಿಗೆ."

"ಛಲೋ ಆತ್ರಿ ಯಜಮಾನ್ರ," ಎಂದಳು. "ಮೊದಲು ನಾವು ಗುತ್ತಿಗಿ ಹಿಡಿದ ಲಾವಣಿ ಗದ್ದಿ ಐತಿ. ನಾಳಿ ನೀವಽ ಬರ್ರಿ. ಮುಯ್ಯಿಗೆ ಯಜಮಾನ ಬಂದ್ರ ಶೋಭಾ."

ಮಾತು ನನ್ನದೇ, ಹೋಗದೆ ವಿಧಿಯಿರಲಿಲ್ಲ. ಧೋತರ ಮೇಲೆ ಕಟ್ಟಿ, ಶಿವನಾಮ ಹೇಳುತ್ತ ಸಸಿ ಹಚ್ಚಿದೆ. ಹೆಂಗಸರು ಆಚೆ ಬದು ಮುಟ್ಟಿ ಎಲೆಯಡಿಕೆ ಹಾಕಿಕೊಂಡರು. ನಾನಿನ್ನೂ ಗದ್ದೆಯ ನಡುವೆಯೇ ಇದ್ದೆ. ನಾನು ನೆಟ್ಟ ಸಸಿಗಳು ಮಾತ್ರ ಕಿತ್ತುಬಂದು ತೇಲುತ್ತ ನನ್ನನ್ನೇ ದಾಟಿ ಮುಂದೆ ಹೋದವು.

ಮಧ್ಯಾಹ್ನ ಸೊಂಟ ಹಿಡಿದುಕೊಂಡು ಬದುವಿನ ಮೇಲೆ ಕೂತೆ. "ಹನುಮವ್ವ, ಮುಯ್ಯಿ ಸಾಕವ್ವ. ಹೊಸ ಕೂಲಿನಽ ಕೊಡ್ತೀನಿ, ನಾಳಿ ನನ್ನ ಗದ್ದಿಗೆ ಬರ್ರಿ."

"ಬರ್ತೀವ್ರಿ. ಆದ್ರ ಇವತ್ತಿಂದು ನಿಮ್ಮ ಕೂಲಿ ಕೇಳಬ್ಯಾಡ್ರಿ ಮತ್ತ," ಎಂದಳು. "ಹೊಸ ರೇಟ್ ದೂರ ಉಳೀತು, ಹಳೇ ರೇಟಿಗೂ ನಿಮ್ಮನ್ನ ಯಾರೂ ಕರಿಯೂದಿಲ್ಲ."

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು.

ಕೂಲಿ ಏರಿದರೆ ಕೆಲವರ ಕೆಲಸ ಹೋಗುತ್ತದೆಂದು ತಿಳಿದವರು ಹೇಳುತ್ತಾರೆ. ಸುಳ್ಳಲ್ಲ. ನಮ್ಮೂರಲ್ಲಿ ಸದ್ಯಕ್ಕೆ ಹಾಗೆ ಹೋದದ್ದು ನನ್ನದೊಂದೇ.