ಸುಳ್ಳಿಗೆ ಸೀಲು ಒತ್ತುವ ಕಂಪ್ಯೂಟರಕ್ಕ

ಬೆಳಿಗ್ಗೆ ಆರೂವರೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಇನ್ನೂ ನೆಲ ಒರೆಸುತ್ತಿದ್ದಾರೆ. ಒದ್ದೆ ನೆಲದ ಅಂಚಿನಲ್ಲೇ ಹೆಜ್ಜೆಯಿಟ್ಟು ಬರುವ ಕಂಪ್ಯೂಟರಕ್ಕ, ಕೈಚೀಲ ಇಳಿಸುವ ಮೊದಲೇ ಇ-ಮೇಲ್ ತೆರೆಯುತ್ತಾರೆ. ಒಂಬತ್ತಕ್ಕೆ ಸಿಬ್ಬಂದಿ ಬಂದು ಕೂರುವಷ್ಟರಲ್ಲಿ ಈ ಕೆಲಸ ಮುಗಿದಿರಬೇಕು. ಇವತ್ತು ಬಂದಿರುವುದು ಒಂದೇ ಎಚ್ಚರಿಕೆ: ‘ಹೂಬುಟ್ಟಿಯ ಚಿತ್ರ ತೆರೆದರೆ ನಿಮ್ಮ ಕಂಪ್ಯೂಟರ್ ಸುಟ್ಟುಹೋಗುತ್ತದೆ. ತಕ್ಷಣ ಎಲ್ಲರಿಗೂ ತಿಳಿಸಿ.’

ಅಕ್ಕನಿಗೆ ನಗು. “ಇದು ಹನ್ನೆರಡು ವರ್ಷದ ಹಿಂದೆನೂ ಬಂದಿತ್ತು. ಆಗ ಹೂಬುಟ್ಟಿ ಇರ್ಲಿಲ್ಲ, ಗೊಂಬೆ ಇತ್ತು.”

ಅದನ್ನು ಮುದ್ರಿಸಿ, ರಬ್ಬರ್ ಸೀಲು ಒತ್ತಿ ನೋಟಿಸ್ ಬೋರ್ಡಿಗೆ ಹಾಕುತ್ತಾರೆ: ‘ಸುಳ್ಳು. ಯಾರಿಗೂ ಕಳಿಸಬೇಡಿ.’ ಇದೂ ಸೇರಿ ಇಪ್ಪತ್ತನಾಲ್ಕು ವರ್ಷಗಳಲ್ಲಿ ಹೀಗೆ ಸೀಲು ಬಿದ್ದ ಹುಸಿ ಎಚ್ಚರಿಕೆಗಳು ಆರುನೂರ ಹದಿನೇಳು. ಹಾಗೆಂದು ಈ ಕೆಲಸ ಮಾಡಿ ಎಂದು ಯಾರೂ ಅವರಿಗೆ ಹೇಳಿಲ್ಲ. ಅವರ ಹುದ್ದೆ ಬೆರಳಚ್ಚುಗಾರ್ತಿ.

ಎಲ್ಲ ಶುರುವಾದದ್ದು ಅವರದೇ ತಪ್ಪಿನಿಂದ. ಆಗ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಯಂತ್ರಗಳಿಗೆ ಅಕ್ಕನ ಅಮ್ಮ ಹೊಲಿದುಕೊಟ್ಟ ಹೂವಿನ ಬಟ್ಟೆಯ ಗವುಸು. ಫೋನಿನ ತಂತಿ ಕಿರ್ರೆಂದು ಕೂಗಿ ಇಂಟರ್ನೆಟ್ ಸಿಗುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಪರದೆಯ ಮೇಲೆ ಮೂಡಿದ್ದೆಲ್ಲ ನಿಜವೆಂದು ನಂಬುತ್ತಿದ್ದ ಆ ದಿನಗಳನ್ನು ನೆನೆದರೆ ಈಗಲೂ ಒಳಗೆಲ್ಲೋ ಹಾಯೆನಿಸುತ್ತದೆ, ಜೊತೆಗೇ ನಾಚಿಕೆಯೂ.

ಒಂದು ದಿನ ಗೆಳತಿಯೊಬ್ಬಳ ಪತ್ರ ಬಂತು. ಇಂಥ ಹೆಸರಿನ ಫೈಲ್ ಇದ್ದರೆ ಅದೇ ವೈರಸ್, ಅಳಿಸಿಬಿಡು ಎಂದು. ಹುಡುಕಿದರೆ ಹದಿನಾಲ್ಕು ಯಂತ್ರಗಳಲ್ಲೂ ಇತ್ತು. ಅಕ್ಕ ಹದಿನಾಲ್ಕರಲ್ಲೂ ಅಳಿಸಿದರು. ಅದು ಪ್ರಿಂಟರ್ ನಡೆಸುವ ಫೈಲ್ ಆಗಿತ್ತು. ಅಂದು ಇಡೀ ಆಸ್ಪತ್ರೆಯಲ್ಲಿ ಒಂದು ವರದಿಯೂ ಹೊರಬರಲಿಲ್ಲ.

“ಒಬ್ಬ ತಾಯಿ ಮಗೂನ ರಕ್ತದ ರಿಪೋರ್ಟಿಗೆ ಸಂಜೆವರೆಗೂ ಬೆಂಚಿನ ಮೇಲೆ ಕೂತಿದ್ರು. ನನ್ನ ಬೈಲಿಲ್ಲ. ಬೈದಿದ್ರೆ ಮರೆತುಬಿಡ್ತಿದ್ದೆನೋ ಏನೋ.”

ಮಾರನೆಯ ದಿನವೇ ಸೀಲು ಮಾಡಿಸಿದರು. ಪತ್ರಕ್ಕೆ ತಾರೀಕು ಇದೆಯೇ, ಬರೆದವರು ಫೋನಿಗೆ ಸಿಗುತ್ತಾರೆಯೇ, ವೈರಸ್ ತಡೆಯುವ ಕಂಪನಿಗಳ ಪುಟದಲ್ಲಿ ಇದರ ಸುದ್ದಿ ಇದೆಯೇ ಎಂದು ನೋಡಿಯೇ ಒತ್ತುವುದು. ‘ಎಲ್ಲರಿಗೂ ಕಳಿಸಿ’ ಎಂದಿದ್ದರೆ ಇನ್ನೂ ಒಮ್ಮೆ ನೋಡುತ್ತಾರೆ. ಎರಡು ಸಲ ನಿಜವಾದ ವೈರಸ್ಸೂ ಬಂದಿದೆ. ಆಗ ಸೀಲು ಮುಟ್ಟದೆ ಯಂತ್ರಗಳನ್ನು ನಿಲ್ಲಿಸಿದ್ದಾರೆ.

ಈ ತಿಂಗಳ ಕೊನೆಗೆ ಅಕ್ಕನ ನಿವೃತ್ತಿ. ಆಮೇಲೆ ಇದನ್ನೆಲ್ಲ ಯಾರು ನೋಡುತ್ತಾರೆ ಎಂಬ ಚಿಂತೆ ಅವರನ್ನು ಕೊರೆಯುತ್ತಿದೆ. ಅದರಲ್ಲೂ ರವಾನೆ ವಿಭಾಗದ ಗುಮಾಸ್ತರದ್ದು. ಅಡ್ಡಹೆಸರೇ ಗಾಬರಿ ಅಣ್ಣ. ಬಂದದ್ದನ್ನು ಓದಿ ಮುಗಿಸುವ ಮೊದಲೇ ಊರಿಗೆಲ್ಲ ಹಂಚುವ ಮನುಷ್ಯ. ಸೀಲು ಬಿದ್ದ ಹಾಳೆಗಳನ್ನು ಅಕ್ಕ ಸೇರಿಸಿಟ್ಟ ಕಡತದಲ್ಲಿ ನೂರಕ್ಕೂ ಹೆಚ್ಚು ಅವರ ಕೊಡುಗೆ.

ಒಂಬತ್ತಕ್ಕೆ ಅವರೇ ಹಾಳೆಯೊಂದನ್ನು ಹಿಡಿದು ಬರುತ್ತಾರೆ. ಎಷ್ಟು ಜನಕ್ಕೆ ಹೋಯಿತೋ ಎಂದುಕೊಂಡು ಅಕ್ಕ ಸೀಲಿಗೆ ಕೈ ಹಾಕುತ್ತಾರೆ.

“ಅಕ್ಕ, ಇದಕ್ಕೆ ತಾರೀಕಿಲ್ಲ. ಕೊಟ್ಟಿರೋ ನಂಬರಿಗೆ ಫೋನ್ ಮಾಡ್ದೆ, ಅಂಥ ನಂಬರೇ ಇಲ್ವಂತೆ. ಕಂಪನಿಗಳ ಪುಟದಲ್ಲೂ ಹುಡುಕ್ದೆ, ಇದರ ಸುದ್ದಿನೇ ಇಲ್ಲ. ಯಾರಿಗೂ ಕಳಿಸಿಲ್ಲ.”

ಅಕ್ಕ ಕನ್ನಡಕ ಏರಿಸಿಕೊಂಡು ಆ ಹಾಳೆಯನ್ನೂ ಕಂಪನಿಗಳ ಪುಟವನ್ನೂ ತಾವೇ ಒಮ್ಮೆ ನೋಡುತ್ತಾರೆ. ಆಮೇಲೆ ಇಂಕಿನ ಡಬ್ಬಿಯ ಮುಚ್ಚಳ ತೆಗೆದು, ಸೀಲನ್ನು ಗಾಬರಿ ಅಣ್ಣನ ಕಡೆಗೆ ಸರಿಸುತ್ತಾರೆ. ಅವರು ಬೆವರುತ್ತಾ ಒತ್ತುತ್ತಾರೆ. ಸೀಲು ತಲೆಕೆಳಗಾಗಿ ಬೀಳುತ್ತದೆ.

“ಇರ್ಲಿ ಬಿಡಿ, ಓದೋಕೆ ಬರುತ್ತೆ,” ಎನ್ನುತ್ತಾರೆ ಅಕ್ಕ. ಹಾಳೆಯ ಮೂಲೆಯಲ್ಲಿ ತಾವೇ ಸಂಖ್ಯೆ ಬರೆಯುತ್ತಾರೆ: ಆರುನೂರ ಹದಿನೆಂಟು.