ಸಿದ್ದಮ್ಮ ಹೊಡೆದ ಎರಡು ಈಡು

ದೇವರ ಜೊತೆ ನನ್ನ ಸೋದರತ್ತೆ ಸಿದ್ದಮ್ಮನಷ್ಟು ಜಗಳವಾಡಿದ ಭಕ್ತೆಯನ್ನು ನಾನು ಕಂಡಿಲ್ಲ. ಕೈಮುಗಿದು ನಿಂತವಳೇ ಬೈಯಲು ಶುರು ಮಾಡುತ್ತಿದ್ದಳು. ಅವಳ ಭಕ್ತಿ ನನಗೆ ಪೂರ್ತಿ ಅರ್ಥವಾಗಿಲ್ಲ, ಆದರೆ ಆ ಬೈಗುಳಕ್ಕೆ ಅವಳಿಗೆ ಹಕ್ಕಿತ್ತು ಎಂದು ಒಪ್ಪುತ್ತೇನೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಅತ್ತೆ ಮತ್ತು ಮಾವ ಕೆಂಪಣ್ಣ ಹಾಸನದ ಕಡೆಯಿಂದ ಹೊಸದಾಗಿ ಬಂದು, ಸೋಮವಾರಪೇಟೆ ರಸ್ತೆಯಿಂದ ಒಳಗೆ ಒಬ್ಬ ಕೊಡವ ಯಜಮಾನರ ಗದ್ದೆ ಕಾಯುವ ಕೆಲಸಕ್ಕೆ ಸೇರಿದ್ದರು. ಕಾಡಿನಂಚಿನಲ್ಲಿ ಗುಡಿಸಲು. ಹಂದಿ ಬೆದರಿಸಲು ಯಜಮಾನರು ಜೋಡಿ ನಳಿಗೆಯ ಕೋವಿ ಕೊಟ್ಟಿದ್ದರು.

ಭತ್ತ ತೆನೆ ಬಿಟ್ಟಿದ್ದಾಗ ಮಾವನಿಗೆ ಜ್ವರ ಬಂತು. ನಡುಕ, ಆಮೇಲೆ ಬಡಬಡಿಕೆ. ಯಜಮಾನರ ಮನೆಯವರೆಲ್ಲ ದೂರದ ಬಾಳೆಲೆ ಎಂಬ ಊರಿಗೆ ಮದುವೆಗೆಂದು ಬೀಗ ಹಾಕಿ ಹೋಗಿದ್ದರು. ಗುಡ್ಡದಾಚೆ ಮನೆಗಳಿದ್ದವು. ಆದರೆ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಓಡಾಡುವ ಆ ಜನರೆಂದರೆ ಅತ್ತೆಗೆ ಹೆದರಿಕೆ. ಧೈರ್ಯ ಮಾಡಿ ಹೊರಟರೆ ಮಾವ ಎದ್ದು ತುಂಬಿ ಹರಿಯುವ ತೋಡಿನ ಕಡೆ ನಡೆದುಬಿಡುತ್ತಿದ್ದ. ಅವಳು ಬಾಗಿಲಿಗೆ ಹೋಗುವಳು, ತಿರುಗಿ ಬರುವಳು, ಒದ್ದೆ ಬಟ್ಟೆ ಬದಲಿಸುವಳು, ಮತ್ತೆ ಬಾಗಿಲಿಗೆ ಹೋಗುವಳು. ಕೂತಲ್ಲಿ ಕೂರಲಾಗಲಿಲ್ಲ.

"ಮಂಜುನಾಥ, ಕಿವೀಲಿ ಏನ್ ತುಂಬ್ಕೊಂಡು ಕೂತಿದೀಯೋ? ಯಾರನ್ನಾದ್ರೂ ಕಳಿಸೋ!"

ಯಾರೂ ಬರಲಿಲ್ಲ. ಸಂಜೆಗೆ ಬಂದದ್ದು ಹಂದಿಗಳು. ಅತ್ತೆಗೆ ರೇಗಿಹೋಯಿತು. ದೇವರ ಮೇಲಿನ ಸಿಟ್ಟನ್ನೆಲ್ಲ ಹಂದಿಗಳ ಮೇಲೆ ತೀರಿಸಿದಳು. ಕೋವಿ ಎತ್ತಿ ಗದ್ದೆಯ ಕಡೆ ಎರಡು ಈಡು ಹೊಡೆದಳು, ಒಂದರ ಬೆನ್ನಿಗೊಂದು.

ಕೊಡಗಿನಲ್ಲಿ ಹಾಗೆ ಬೆನ್ನುಬೆನ್ನಿಗೆ ಎರಡು ಈಡು ಕೇಳಿದರೆ ಆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಕೇಳಿದವರು ಕೈಕೆಲಸ ಬಿಟ್ಟು ಬರಬೇಕು, ಹಗೆಯಿದ್ದರೂ ಬರಬೇಕು. ಹೊಸಬಳಾದ ಅತ್ತೆಗೆ ಇದನ್ನು ಹೇಳಿದವರು ಯಾರು?

ಕತ್ತಲಾಗುವ ಮುಂಚೆ ಗುಡ್ಡ ಇಳಿದು ಜನ ಬಂದರು. ಮುಂದೆ ನಾಣಯ್ಯ ಎಂಬ ಮುದುಕರು, ಹಿಂದೆ ತಲೆಗೆ ವಸ್ತ್ರ ಕಟ್ಟಿದ ಅವರ ಹೆಂಡತಿ ಮುತ್ತಮ್ಮ.

"ಯಾರು ಹೋದದ್ದು?" ಎಂದರು ನಾಣಯ್ಯ.

"ಹಂದಿ ಕಣಯ್ಯಾ, ಓಡಿಹೋದೋ."

ಮುದುಕರು ಕೆಂಡವಾದರು. "ಹಂದಿಗೆ ಯಾರಾದರೂ ಎರಡು ಈಡು ಒಟ್ಟಿಗೆ ಹೊಡೆಯುವುದುಂಟಾ? ಎಂಥ ಹೆಂಗಸು ನೀನು! ಸಾವಿನ ಈಡೆಂದು ಅಲ್ಲಿಂದ ಅಳುತ್ತಾ ಬಂದೆವಲ್ಲ ನಾವು!"

ಅಷ್ಟರಲ್ಲಿ ಒಳಗಿಂದ ನರಳಾಟ ಕೇಳಿಸಿತು. ಮುತ್ತಮ್ಮ ಹೋಗಿ ಮಾವನ ಹಣೆ ಮುಟ್ಟಿದರು, ಗಂಡನನ್ನು ಕರೆದರು. ಬೈಗುಳ ಅಲ್ಲಿಗೇ ನಿಂತಿತು. ಮಾವನನ್ನು ಆಸ್ಪತ್ರೆಗೆ ಹೊರಲು ಗಂಡಸರು ಬಿದಿರು ಕಡಿದು, ಬಳ್ಳಿಯಿಂದ ಬಿಗಿದು, ಮೇಲೆ ಚಾಪೆ ಹಾಸಿದರು.

ಅದನ್ನು ಕಂಡ ಅತ್ತೆ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಅದು ನೋಡಲು ಥೇಟ್ ಚಟ್ಟ. "ಬದುಕಿರೋನ್ನ ಇದರ ಮೇಲೆ ಮಲಗ್ಸಕ್ಕೆ ಬಿಡಲ್ಲ. ಅಪಶಕುನ! ಸಾವಿನ ಈಡು ಬೇರೆ ಹೊಡೆದಾಯ್ತು. ನಾನೇ ಅವ್ನನ್ನ ಕೊಂದಂಗಾಗುತ್ತೆ!"

ಮುತ್ತಮ್ಮ ಸಮಾಧಾನ ಹೇಳಿದರು. ಯಾರೋ ಗದರಿದರು. ಅತ್ತೆ ಜಗ್ಗಲಿಲ್ಲ. ಒಳಗೆ ಮಾವನ ಉಸಿರು ಕಿತ್ತು ಬರುತ್ತಿತ್ತು.

ನಾಣಯ್ಯ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಮೆಟ್ಟು ಕಳಚಿಟ್ಟು ಆ ಬಿದಿರಿನ ಮೇಲೆ ತಾವೇ ಉದ್ದಕ್ಕೆ ಮಲಗಿದರು. ಮುತ್ತಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

"ನೋಡು ಮಗಳೇ, ಮೊದಲು ಮಲಗಿದವನು ನಾನು. ಬರುವ ಕೇಡು ನನಗೆ ಬರಲಿ. ದಾರಿ ಬಿಡು."

ಅತ್ತೆ ದಾರಿ ಬಿಟ್ಟಳು.

ರಸ್ತೆಯವರೆಗೆ ಹೊತ್ತರು. ಕಿತ್ತಳೆ ತುಂಬಿದ ಲಾರಿಯೊಂದನ್ನು ತಡೆದು ಮಡಿಕೇರಿ ಆಸ್ಪತ್ರೆಗೆ ಮುಟ್ಟಿಸಿದರು. ಬೆಳಿಗ್ಗೆ ಮಾವ ಕಣ್ಣುಬಿಟ್ಟು ಗಂಜಿ ಕೇಳಿದ. ಅತ್ತೆಗೆ ಖುಷಿಪಡಲೂ ಪುರಸೊತ್ತಾಗಲಿಲ್ಲ. ಇವನು ಬದುಕಿದ, ಹಾಗಾದರೆ ಆ ಮುದುಕ? ಎದ್ದು ವರಾಂಡಕ್ಕೆ ಓಡಿದಳು. ನಾಣಯ್ಯ ಬೆಂಚಿನ ಮೇಲೆ ಅಂಗಾತ ಮಲಗಿದ್ದರು, ಬಾಯಿ ತೆರೆದಿತ್ತು. ಒಬ್ಬನ ಜೀವ ಬೇಡಿ ಬಂದವಳು ಈಗ, ಊರು ಕೇರಿ ಗೊತ್ತಿಲ್ಲದ ಈ ಮುದುಕನಿಗಾಗಿ, ಬೈಯುವುದನ್ನೂ ಮರೆತು "ಮಂಜುನಾಥಾ" ಎನ್ನುತ್ತಾ ಎರಡೂ ಭುಜ ಹಿಡಿದು ಅಲುಗಾಡಿಸಿದಳು.

ಮುದುಕರು ಸಿಡುಕುತ್ತಾ ಕಣ್ಣುಬಿಟ್ಟರು.

"ಎಂಥದು ನಿನ್ನ ಉಪದ್ರ? ಸತ್ತಿಲ್ಲ ನಾನು. ಹೋಗು, ಒಂದು ಲೋಟ ಕಾಫಿ ಸಿಗ್ತದಾ ನೋಡು."

ಅಷ್ಟು ದಿನ ಬೈದೇ ಕಳೆದಿದ್ದ ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಗೊಳೋ ಎಂದು ಅತ್ತಳು.